ಒಟ್ಲಿಗೆ ಮೊದಲ ನೀರು

"ಒಸಿ ಬೇಕಾದೋನಿಗೆ ಮೊದ್ಲು ಕೊಡ್ಬೇಕಾ, ಬಾಳ ಬೇಕಾದೋನಿಗಾ?" ಎಂದು ಅನಂತರಾಜು ಒಂದು ದಿನ ನನ್ನನ್ನು ಕೇಳಿದರು. ಅದು 2006. ಬಿಡದಿಯ ಎರಕದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾನು ಲೋಹದ ಮಾದರಿಗಳನ್ನು ಪರೀಕ್ಷಿಸುತ್ತಿದ್ದೆ. ಅವರು ಅಲ್ಲಿನ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಸಮನಾಗಿ ಹಂಚಬೇಕು ಎಂದೆ. "ಓದಿರೋರ ಮಾತು ಸಾ ಅದು," ಎಂದು ನಕ್ಕರು.

ಅವರು ಬೈರಮಂಗಲದವರು. ತಂದೆ ನೀರುಗಂಟಿ, ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವರು. ನೀರು ಸಾಲದ ವರ್ಷ ಅವರದು ಒಂದೇ ಕಟ್ಟಳೆ: ಸಸಿ ಎಬ್ಬಿಸುವ ಪಾತಿಗೆ, ಅಂದರೆ ಒಟ್ಲಿಗೆ, ಮೊದಲ ನೀರು. ಒಟ್ಲು ಕುಡಿಯುವುದು ಸ್ವಲ್ಪವೇ, ಆದರೆ ಒಂದು ದಿನವೂ ತಡೆಯದು. ಕಬ್ಬು ಎಷ್ಟು ಕುಡಿದರೂ ವಾರ ಕಾಯುತ್ತದೆ.

ಆ ವರ್ಷ ಕಾರ್ಖಾನೆಯ ಫೋನುಗಳೆಲ್ಲ ಕಂಪ್ಯೂಟರಿನ ತಂತಿಗೇ ಸೇರಿದವು. ಮಾತು ಪ್ಯಾಕೆಟ್ಟುಗಳೆಂಬ ಚೂರುಗಳಾಗಿ ಒಡೆದು, ಕಡತಗಳ ಜೊತೆಗೆ ಜಾಲದ ತಂತಿಗಳೆಲ್ಲ ಕೂಡುವ ಸ್ವಿಚ್ಚು ಎಂಬ ಒಂದೇ ಪೆಟ್ಟಿಗೆಯ ಮೂಲಕ ಹರಿಯತೊಡಗಿತು. ದಟ್ಟಣೆಯಾದಾಗ ಯಾವುದನ್ನು ಮೊದಲು ಬಿಡಬೇಕೆಂದು ಸ್ವಿಚ್ಚಿಗೆ ಕಲಿಸುವುದು ಅನಂತರಾಜು ಅವರ ಕೆಲಸ. ಮೊದಲ ದಿನವೇ ಎಡವಿದರು. ಆದ್ಯತೆಯ ವ್ಯವಸ್ಥೆಯನ್ನು ಚಾಲೂ ಮಾಡಿದರೆ ಸಾಕು, ತೂಬು ಎತ್ತಿದ ಹಾಗೆ, ಉಳಿದದ್ದು ತಾನಾಗಿ ಹರಿಯುತ್ತದೆ ಎಂದುಕೊಂಡರು. ಆದರೆ ಆ ಸ್ವಿಚ್ಚು, ಯಾವ ಪೋರ್ಟನ್ನು, ಅಂದರೆ ತಂತಿ ಸಿಕ್ಕಿಸುವ ಯಾವ ಕಿಂಡಿಯನ್ನು, ನಂಬಬೇಕೆಂದು ಹೇಳುವ ತನಕ, ಪ್ಯಾಕೆಟ್ಟುಗಳು ಹೊತ್ತು ತಂದ ಆದ್ಯತೆಯ ಗುರುತನ್ನೆಲ್ಲ ಸೊನ್ನೆಗಿಳಿಸುತ್ತದೆ. ಮಧ್ಯಾಹ್ನ ಕುಲುಮೆಯ ಶೆಡ್ಡಿನಿಂದ ಅಲ್ಲಿನ ಕೆಲಸಗಾರ ಅಮೀರ್ ಮಾಡಿದ ಕರೆ ಚೂರುಚೂರಾಯಿತು. ಅವನು ಅನಂತರಾಜು ಇದ್ದಲ್ಲಿಗೆ ನಡೆದೇ ಬಂದ.

"ಏನ್ಲಾ ಅನಂತು, ನಾಳೆ ಬೆಂಕಿ ಬಿದ್ದೈತೆ ಅಂದ್ರೆ ನಿಂಗೆ 'ಬೆಂ' ಅಂತ ಮಾತ್ರ ಕೇಳ್ಸದಾ? ಬೆಂಡೆಕಾಯಿ ಅಂದ್ಕಂಡು ಚೀಲ ತತ್ತೀಯೇನ್ಲಾ?"

ಅನಂತರಾಜು ನಗಲಿಲ್ಲ. ಸಂಜೆಯೊಳಗೆ ಫೋನಿನ ಪೋರ್ಟುಗಳನ್ನಷ್ಟೇ ನಂಬುವಂತೆ ಮಾಡಿ, ಮಾತನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿದರು.

ಮುಂದಿನ ತಿಂಗಳು ನಿರ್ದೇಶಕರ ಕೋಣೆಗೆ ವಿಡಿಯೊ ಸಭೆಯ ಯಂತ್ರ ಬಂತು. ದಟ್ಟಣೆಯಲ್ಲಿ ಅದರ ಚಿತ್ರ ನಿಂತು ನಿಂತು ಬರುತ್ತಿತ್ತು. ಮಾಗಡಿಯ ಶಶಾಂಕ್, ಕಂಪ್ಯೂಟರ್ ವಿಭಾಗದ ಮ್ಯಾನೇಜರ್, ನನ್ನೆದುರೇ ಹೇಳಿದರು:

"ಅನಂತಣ್ಣ, ಅದನ್ನೂ ಮೊದಲನೇ ಸಾಲಿಗೆ ಹಾಕಿ."

"ಸಾಲ್ನೆಲ್ಲ ಅದೇ ಕುಡ್ದುಬುಡ್ತದೆ ಸಾ. ಶೆಡ್ಡಿನ ಫೋನು ಒಣಗೋಯ್ತದೆ. ಎರಡ್ನೇ ಸಾಲ್ನಾಗೆ ಇರ್ಲಿ."

"ಡೈರೆಕ್ಟರ್ ಎರಡನೇ ಸಾಲು ಅಂತ ನಾನು ಹೋಗಿ ಹೇಳ್ಲಾ?"

"ನಾನೇ ಬತ್ತೀನಿ, ನಾನೇ ಹೇಳ್ತೀನಿ."

"ಕೆಲಸ ಬೇಡ್ವಾ ನಿಮಗೆ?"

"ಕೆಲ್ಸ ಬೇಕು. ಈ ಕೆಲ್ಸ ಮಾಡಾಕಿಲ್ಲ. ತಗಳಿ ಪಾಸ್‌ವರ್ಡು, ನೀವೇ ಬದಲಾಯ್ಸಿ."

ವಾರದೊಳಗೆ ಅವರನ್ನು ಉಗ್ರಾಣಕ್ಕೆ ಹಾಕಿದರು. ಶಶಾಂಕ್ ಅಲ್ಲಿಗೇ ಹೋಗಿ, ಆದ್ಯತೆಯನ್ನು ಬದಲಾಯಿಸಿದ್ದಾಯಿತೆಂದು ತಿಳಿಸಿ ಬಂದರು. ನಟ್ಟು ಬೋಲ್ಟು ಕೊಡುವ ಆ ಕಿಟಕಿಯಲ್ಲಿ ಅನಂತರಾಜು ಐದು ವರ್ಷ ನಿಂತರು. ಕ್ಷಮಾಪಣೆಗೆ ಸಹಿ ಹಾಕಿದರೆ ಹಳೆಯ ಜಾಗ ಸಿಗುತ್ತದೆಂದು ಆಡಳಿತದವರು ಎರಡು ಸಲ ಕಾಗದ ಕಳುಹಿಸಿದರು. "ಒಟ್ಲು ಒಣಗ್ಸಿದ್ರೆ ಕ್ಷಮೆ ಕೇಳ್ಬೇಕು. ನೀರು ಬುಟ್ಟಿದ್ಕೆ ಯಾವನ್ ಕೇಳ್ತಾನೆ?" ಎಂದು ಎರಡು ಸಲವೂ ಕಾಗದವನ್ನು ವಾಪಸು ಮಾಡಿದರು.

ಅವರ ಹಟ ಸರಿಯೇ ಎಂಬ ಸಂಶಯ ನನಗಿತ್ತು. ಆ ಐದು ವರ್ಷಗಳಲ್ಲಿ ಶೆಡ್ಡಿಗೆ ಬೆಂಕಿ ಬೀಳಲಿಲ್ಲ; ನಡೆಯದ ಅನಾಹುತ ಯಾವ ವಾದಕ್ಕೂ ಪುರಾವೆಯಾಗದು. ಅದನ್ನು ಅವರಿಗೇ ಹೇಳಿದೆ.

"ಸರಿ ಬುಡಿ ಸಾ, ಹಂಗಂತ ಬೆಂಕಿ ಬೀಳ್ಲಿ ಅಂತ ಕಾಯಾಕಾಯ್ತದಾ?"

2011ರಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡರು. ತಾವು ಮಾಡಿದ್ದು ಅಳಿಸಿಹೋಯಿತೆಂದೇ ಕೊನೆಯವರೆಗೂ ತಿಳಿದಿದ್ದರು. ಮರುವರ್ಷ ಹಳೆಯ ಸ್ವಿಚ್ಚನ್ನು ಬದಲಿಸುವ ಮುನ್ನ ಅದರ ಆದೇಶಗಳನ್ನು ಮುದ್ರಿಸಿದ ಹಾಳೆಯನ್ನು ನಾನೂ ನೋಡಿದೆ: ಆದ್ಯತೆಯ ಮೊದಲ ಸಾಲಿನಲ್ಲಿ ಇನ್ನೂ ಫೋನಿನ ಮಾತೊಂದೇ ಇತ್ತು. ಶಶಾಂಕ್ ಅದನ್ನು ಮುಟ್ಟಿರಲೇ ಇಲ್ಲ. ನಿರ್ದೇಶಕರ ಕೋಣೆಗೆ ಪ್ರತ್ಯೇಕ ತಂತಿ ಎಳೆಸಿ, ಸುಮ್ಮನಾಗಿದ್ದರು.