ಕಲೀಮುಲ್ಲಾ ಸಾಹೇಬರ ಉಷ್ಣ

ನಮ್ಮ ಶಿರಾ ಕಡೆ ಉಷ್ಣ ಅನ್ನುವ ಒಂದು ಮಾತಿದೆ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಉಚ್ಚೆ ಕಟ್ಟಿದರೂ ಉಷ್ಣ. ಆ ಮಾತು ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಪಕ್ಕದ ಮನೆಯ ಕಲೀಮುಲ್ಲಾ ಸಾಹೇಬರನ್ನು ಇನ್ನೇನು ಮಣ್ಣಿಗೆ ಸೇರಿಸಲಿದ್ದದ್ದು ಅದೇ ಮಾತು.

ಕಲೀಮುಲ್ಲಾ ಮದುವೆ ಅಡುಗೆಯವರು. ಸುತ್ತಮುತ್ತ ಎಲ್ಲಿ ನಿಕಾಹ್ ಆದರೂ ಬಿರಿಯಾನಿಗೆ ಅವರೇ ಬೇಕು. ದೇಗ್ ಅನ್ನುವ ದೊಡ್ಡ ತಾಮ್ರದ ಹಂಡೆಯ ಬಾಯಿಗೆ ಹಿಟ್ಟು ಮೆತ್ತಿ, ಮುಚ್ಚಳದ ಮೇಲೆ ಕೆಂಡ ಹರಡಿ ಕೂತರೆ, ಮದುಮಗನೇ ಬಂದು ಕರೆದರೂ ಏಳುವ ಜನವಲ್ಲ. ಅರವತ್ತು ದಾಟಿದ ಮೇಲೆ ಏಳತೊಡಗಿದರು. ಹೋಗಿ ಗೋಡೆ ಹಿಡಿದು ನಿಲ್ಲುವುದು, ನಾಲ್ಕು ಹನಿ ಬಿಟ್ಟು ಬರುವುದು, ಕೂತ ಜಾಗ ಬಿಸಿಯಾಗುವ ಮೊದಲೇ ಮತ್ತೆ ಹೋಗುವುದು. ನೋಡಿದವರಿಗೆಲ್ಲ ಕಾರಣ ಕಣ್ಣೆದುರಿಗೇ ಉರಿಯುತ್ತಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು:

"ದಿನಾ ಬೆಂಕಿ ಮುಂದೆ ಕುಂತ್ರೆ ಇನ್ನೇನಾಯ್ತದೆ ಸಾಬ್ರೇ? ಉಷ್ಣ. ಬಾರ್ಲಿ ನೀರು ಕುಡೀರಿ, ನೆತ್ತಿಗೆ ಹರಳೆಣ್ಣೆ ಹಾಕ್ಕಳಿ, ಇಳೀತದೆ."

ಪಾಪದ ಮನುಷ್ಯ ಎರಡು ವರ್ಷ ಕುಡಿದರು, ಹಾಕಿಕೊಂಡರು. ಡಾಕ್ಟರ ಹತ್ತಿರ ಹೋಗಿ ಎಂದು ಒಬ್ಬರಾದರೂ ಹೇಳಬೇಡವೇ?

ಆಮೇಲೆ ಮಸೀದಿಗೆ ಹೋಗುವುದೂ ನಿಂತಿತು. ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆದು ವಜೂ ಮಾಡಬೇಕು. ಆಮೇಲೆ ಒಂದು ಹನಿ ಜಾರಿದರೂ ಅದು ಮುರಿಯುತ್ತದೆ. ಇವರಿಗೆ ಸಾಲಿನಲ್ಲಿ ನಿಲ್ಲುವಷ್ಟರಲ್ಲೇ ಜಾರುತ್ತಿತ್ತು. ಕಾಯಿಲೆಯವರಿಗೆ ಅದರಲ್ಲಿ ರಿಯಾಯಿತಿ ಇದೆಯಂತೆ, ಇಮಾಮರನ್ನು ಕೇಳಿದ್ದರೆ ಹೇಳುತ್ತಿದ್ದರು. ಕೇಳಲು ಬಾಯಿ ಬರಬೇಕಲ್ಲ! ಬೀದಿಯವರು ಮಾತ್ರ, ಕಲೀಮುಲ್ಲಾಗೆ ವಯಸ್ಸಾದಂತೆ ಭಕ್ತಿ ಕಮ್ಮಿಯಾಯಿತು ಎಂದು ತೀರ್ಪು ಕೊಟ್ಟುಬಿಟ್ಟರು.

ಅವರ ಹೆಂಡತಿ ಅಮೀರ್ ಬಿ ಒಂದು ದಿನ ನನ್ನ ಹತ್ತಿರ ಹೆಮ್ಮೆಯಿಂದ ಹೇಳಿದಳು: "ನಮ್ಮೋರು ಈಗ ಭಾಳ ಬದಲಾಗ್ಬುಟ್ಟವ್ರೆ ರಾಧಾಮಣಿ. ಅವ್ರ ಪೈಜಾಮ ಅವ್ರೇ ಒಗ್ಕಂತಾರೆ." ಉಂಡ ತಟ್ಟೆ ಎತ್ತದ ಗಂಡಸು ಬಟ್ಟೆ ಯಾಕೆ ಒಗೆಯುತ್ತಾನೆಂದು ಅವಳಿಗೆ ಹೇಗೆ ಹೊಳೆಯಬೇಕು?

ಬುಕ್ಕಾಪಟ್ಟಣದಲ್ಲಿ ಅವರ ನೆಂಟರ ಮದುವೆಗೆ ನಾನು, ನನ್ನ ಗಂಡ ರಂಗನಾಥ ಇಬ್ಬರೂ ಹೋಗಿದ್ದೆವು. ಅಂದು ಬೆಳಗಿನಿಂದ ಕಲೀಮುಲ್ಲಾ ಅವರಿಗೆ ಒಂದು ಹನಿಯೂ ಬಂದಿರಲಿಲ್ಲ. ಯಾರೋ ಮಹಾನುಭಾವ ಒಂದು ಚೊಂಬು ಬಾರ್ಲಿ ನೀರು ಕುಡಿಸಿ, "ತುಂಬಿದ್ರೆ ತಾನೇ ಬತ್ತದೆ" ಅಂದನಂತೆ. ತೂಬು ಕಟ್ಟಿಕೊಂಡ ಕೆರೆಗೆ ಇನ್ನಷ್ಟು ನೀರು ಬಿಟ್ಟ ಹಾಗಾಯಿತು. ಅಲ್ಲಿಯೂ ಬಿರಿಯಾನಿ ಅವರದೇ; ದೇಗಿನ ಮುಚ್ಚಳ ತೆಗೆದು ಮೊದಲ ಪಂಕ್ತಿಗೆ ಬಡಿಸಿದ ಮೇಲೆಯೇ ಆ ಹಠಮಾರಿ ಗೋಡೆಗೆ ಒರಗಿ ಕುಸಿದದ್ದು. ಮೈಯೆಲ್ಲ ಬೆವರು, ಹೊಕ್ಕುಳ ಕೆಳಗೆ ಹೊಟ್ಟೆ ಕಲ್ಲಾಗಿತ್ತು.

ಮದುವೆ ಮನೆಯವರ ಕಾರಿನಲ್ಲಿ ಅವರನ್ನೂ ಅಮೀರ್ ಬಿಯನ್ನೂ ಹಾಕಿಕೊಂಡು ಶಿರಾಕ್ಕೆ ಓಡಿದೆವು. ಅಲ್ಲಿ ನಳಿಕೆ ಹಾಕಿ ಉಚ್ಚೆ ತೆಗೆದು ತುಮಕೂರಿಗೆ ಕಳಿಸಿದರು. ತುಮಕೂರಿನ ಡಾಕ್ಟರಮ್ಮ ಪರೀಕ್ಷೆ ಮಾಡಿ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಅನ್ನೋ ಗ್ರಂಥಿ ಇರುತ್ತೆ. ವಯಸ್ಸಾದ ಗಂಡಸರಲ್ಲಿ ಅದು ದಪ್ಪ ಆಗಿ ದಾರಿ ಒತ್ತುತ್ತೆ. ಧಾರೆ ಸಣ್ಣ ಆದಾಗಲೇ ಬಂದಿದ್ರೆ ಮಾತ್ರೆಯಲ್ಲೇ ಹತೋಟಿಗೆ ಬರಬಹುದಿತ್ತು. ಈಗ ಒತ್ತಡಕ್ಕೆ ಎರಡು ಕಿಡ್ನಿಯೂ ಊದಿವೆ. ಆಪರೇಷನ್ ಬೇಕಾಗುತ್ತೆ. ಕ್ಯಾನ್ಸರ್ ಇದೆಯಾ ಅಂತಲೂ ನೋಡಬೇಕು, ಅದೂ ಕೆಲವೊಮ್ಮೆ ಹೀಗೇ ಕಾಣಿಸ್ಕೊಳ್ಳುತ್ತೆ."

ಮನೆಯಲ್ಲಿ ಉರ್ದು ಆಡುವ ಅಮೀರ್ ಬಿ, ಎಲ್ಲರಿಗೂ ಕೇಳಲಿ ಎಂದೇ ಗಂಡನನ್ನು ಕನ್ನಡದಲ್ಲಿ ಜಾಡಿಸಿದಳು. "ನಂಗ್ಯಾಕೆ ಹೇಳ್ಲಿಲ್ಲ?"

"ಶರಮ್ ಆಯ್ತು" ಅಂದರು ಕಲೀಮುಲ್ಲಾ, ಗೋಡೆ ಕಡೆ ತಿರುಗಿ.

"ಶರಮ್? ನಾಚ್ಕೆನಾ? ನಾಕು ಮಕ್ಳನ್ನ ಹೆತ್ತೋಳು ನಾನು. ಕಂಡ ಕಂಡ ಡಾಕ್ಟ್ರ ಮುಂದೆ ಮಲಗಿದ್ದೀನಿ. ಹೋಗು, ತೋರಿಸ್ಕೊಂಡು ಬಾ ಅಂತ ಕಳಿಸ್ದೋರು ನೀವೇ. ಆವಾಗ ಎಲ್ಲಿತ್ತು ನಿಮ್ ಶರಮ್?"

ಅವಳ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು. ಹೆಂಗಸರ ಮೈಯ ಕಷ್ಟ ಊರಿಗೆಲ್ಲ ಗೊತ್ತಿರಬಹುದು, ಗಂಡಸಿನ ಉಚ್ಚೆ ಮಾತ್ರ ರಾಜರಹಸ್ಯ! ಮುಂದೆ ಆಪರೇಷನ್ ಆಯಿತು, ಕ್ಯಾನ್ಸರ್ ಇರಲಿಲ್ಲ, ಜೀವ ಉಳಿಯಿತು. ಕಿಡ್ನಿ ಪೂರ್ತಿ ಸರಿಹೋಗಲಿಲ್ಲ. ಉಪ್ಪು, ಮಾಂಸ ಎಲ್ಲದಕ್ಕೂ ಈಗ ಲೆಕ್ಕ.

ತುಮಕೂರಿಗೆ ಸೇರಿಸಿದ ಆ ದಿನ ಅಮೀರ್ ಬಿಯ ಮಗ ಬಂದ ಮೇಲೆ ನಾನೂ ರಂಗನಾಥನೂ ಶಿರಾ ಬಸ್ಸು ಹತ್ತಿದೆವು. ಡಾಕ್ಟರಮ್ಮನ ಮಾತು ಕೇಳಿದಾಗಿನಿಂದ ಇವನು ತುಟಿ ಬಿಚ್ಚಿರಲಿಲ್ಲ. ಸ್ನೇಹಿತನ ಸಂಕಟಕ್ಕೆ ಮರುಗುತ್ತಿದ್ದಾನೆ ಅಂದುಕೊಂಡೆ. ಬಸ್ಸು ಹೊರಟಿತು. ಇವನು ಕಿಟಕಿಯ ಆಚೆ ನೋಡುತ್ತಲೇ ಹೇಳಿದ:

"ನಂಗೂ ಅಂಗೇ ಆಯ್ತದೆ ಕಣೆ. ಹೋದ ವರ್ಷದಿಂದ."

ಸೀಟಿನಿಂದ ದಡಕ್ಕನೆ ಎದ್ದೆ. "ಕಂಡಕ್ಟ್ರೇ, ನಿಲ್ಸಿ! ಇಳೀಬೇಕು!" ಎಂದು ಕೂಗಿದೆ.

"ಈಗ್ತಾನೇ ಹತ್ತುದ್ರಲ್ಲಮ್ಮ, ಏನಾಯ್ತು?"

"ನನ್ ಗಂಡಂಗೆ ಉಚ್ಚೆ ಸರಿಯಾಗಿ ಬತ್ತಿಲ್ಲ! ಆಸ್ಪತ್ರೆಗೆ ಹೋಗ್ಬೇಕು!"

ಬಸ್ಸಿಗೆ ಬಸ್ಸೇ ನಕ್ಕಿತು. ರಂಗನಾಥ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ. ನೋಡಲಿ. ಅವನ ರಟ್ಟೆ ಹಿಡಿದು ಕೆಳಗಿಳಿಸಿದೆ. ಆಸ್ಪತ್ರೆಯ ಬಾಗಿಲು ದಾಟುವ ತನಕ ಬಿಡಲಿಲ್ಲ.