ಕ್ಲಿಪ್ಪಕ್ಕ ಮತ್ತು ಹಠ ಮಾಡದ ಬೋರ್ಡು

ಬೆಳಗಿನ ಆರು ಗಂಟೆ. ಕಾರ್ಖಾನೆಯಿಡೀ ಕತ್ತಲು, ಮೊದಲ ಮಹಡಿಯ ಒಂದು ಕಿಟಕಿಯಲ್ಲಿ ಮಾತ್ರ ದೀಪ. ಅದರ ಕೆಳಗೆ ಐವತ್ತನಾಲ್ಕರ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅಂಗೈಯಗಲದ ಹಸಿರು ಬೋರ್ಡಿನ ಸಣ್ಣ ಸಣ್ಣ ಕಾಲುಗಳಿಗೆ ತಂತಿಯ ಕ್ಲಿಪ್ಪು ಸಿಕ್ಕಿಸುತ್ತಿದ್ದಾರೆ. ಕಪ್ಪು, ಕಂದು, ಕೆಂಪು, ಕಿತ್ತಳೆ ಎಂದು ತುಟಿಯಲ್ಲೇ ಎಣಿಕೆ. ಇಲ್ಲಿ ಎಲ್ಲರಿಗೂ ಅವರು ಕ್ಲಿಪ್ಪಕ್ಕ.

"ಎಂಟೂವರೆಗೆ ಕೆಳಗೆ ಮೋಟಾರು ಶುರುವಾದ್ರೆ ಮೇಜು ನಡುಗುತ್ತೆ. ಸೂಕ್ಷ್ಮದ ಕೆಲ್ಸ ಎಲ್ಲಾ ಅಷ್ಟರೊಳಗೇ" ಎನ್ನುತ್ತಾರೆ, ತಲೆಯೆತ್ತದೆ.

ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಇಲ್ಲಿ ತಯಾರಾಗುತ್ತವೆ. ಪೆಟ್ಟಿಗೆ ತಣ್ಣಗಾದರೆ ಕೂಗಿ ಹೇಳುವುದು ಈ ಹಸಿರು ಬೋರ್ಡು. ಅದರ ತಂತಿಗಳಲ್ಲಿ ಓಡುವುದು ಹೌದು, ಇಲ್ಲ ಎಂಬ ಎರಡೇ ಮಾತು, ಕ್ಷಣಕ್ಕೆ ಲಕ್ಷಗಟ್ಟಲೆ ಸಲ. ಹತ್ತಾರು ತಂತಿಗಳ ಮಾತನ್ನು ಒಟ್ಟಿಗೇ ಆಲಿಸಿ ಪರದೆಯ ಮೇಲೆ ಗೆರೆಯಾಗಿ ಬರೆಯುವ ಯಂತ್ರವೇ ಲಾಜಿಕ್ ಅನಲೈಸರ್. ದಿನಕ್ಕೆ ನಲವತ್ತು ಬೋರ್ಡು, ಒಂದೊಂದಕ್ಕೆ ಮೂವತ್ತೆರಡು ಕ್ಲಿಪ್ಪು. ಕ್ಲಿಪ್ಪಕ್ಕನ ಕುತ್ತಿಗೆ ಸಂಜೆಗೆ ಮರಗಟ್ಟಿರುತ್ತದೆ.

ಇಪ್ಪತ್ತೆಂಟು ವರ್ಷಗಳ ಹಿಂದೆ ಬೆಸುಗೆ ಹಾಕಲು ಸೇರಿದವರು. ಅವರ ಅಕ್ಕ ಬಟ್ಟೆ ಹೊಲಿಯುತ್ತಿದ್ದುದರಿಂದ ದಾರದುಂಡೆಗಳ ನಡುವೆಯೇ ಬೆಳೆದಿದ್ದರು. ಬಣ್ಣ ತಪ್ಪದ ಅವರ ಕಣ್ಣು ನೋಡಿ ಹಳೆಯ ಯಜಮಾನರು ಅನಲೈಸರಿನ ಮುಂದೆ ಕೂರಿಸಿದರು. ಅದನ್ನು ಎತ್ತಲು ಇಬ್ಬರು ಬೇಕು. ಹಿಂದಿನಿಂದ ಸದಾ ಬಿಸಿಗಾಳಿ. "ಊಟದ ಡಬ್ಬಿಗಳನ್ನೆಲ್ಲ ಅದರ ಬೆನ್ನಿಗೆ ಸಾಲಾಗಿ ಇಡ್ತಿದ್ವಿ. ಒಂದು ಗಂಟೆಗೆ ಹದವಾಗಿ ಬೆಚ್ಚಗಾಗಿರೋದು" ಎಂದು ನಗುತ್ತಾರೆ. ಪಾಠ ಹೇಳುವವರಿರಲಿಲ್ಲ. ಯಂತ್ರದ ಜೊತೆ ಬಂದ ದಪ್ಪ ಪುಸ್ತಕವನ್ನು ತಾರಸಿಯಲ್ಲಿ ಕೂತು, ನಿಘಂಟು ಇಟ್ಟುಕೊಂಡು ಎರಡು ವರ್ಷ ಓದಿದರು.

ಹನ್ನೊಂದು ವರ್ಷದ ಹಿಂದಿನ ಒಂದು ಬೋರ್ಡಿನ ಮಾತು ಬಂದರೆ ಮಾತ್ರ ಅವರ ದನಿ ಇಳಿಯುತ್ತದೆ. ಕ್ಲಿಪ್ಪು ಹಾಕಿ ನೋಡಿದಾಗ ಅದು ಅಚ್ಚುಕಟ್ಟಾಗಿತ್ತು. 'ಸರಿಯಿದೆ' ಎಂದು ಚೀಟಿ ಅಂಟಿಸಿದರು. ಆಸ್ಪತ್ರೆಯಲ್ಲಿ ಪೆಟ್ಟಿಗೆ ತಣ್ಣಗಾದರೂ ಅದು ಕೂಗಲಿಲ್ಲ. "ನರ್ಸಮ್ಮ ಯಾಕೋ ಒಳಗೆ ಕೈಯಿಟ್ಟು ನೋಡಿದ್ರಂತೆ. ಅದಕ್ಕೇ ಮಗು ಉಳೀತು. ನನ್ನಿಂದ ಅಲ್ಲ."

ಕ್ಲಿಪ್ಪು ಸಿಕ್ಕಿಸಿದರೆ ತಂತಿಯ ಮಾತಿನ ಮೇಲೂ ಒಂದಿಷ್ಟು ಭಾರ ಬೀಳುತ್ತದೆ. ತಂತಿಯಲ್ಲಿ ತಪ್ಪಿ ಏಳುವ ಸಣ್ಣ ಮಿಡಿತ ಆ ಭಾರಕ್ಕೇ ಅಡಗಿಬಿಡಬಹುದು, ಕ್ಲಿಪ್ಪು ತೆಗೆದರೆ ಮತ್ತೆ ಏಳಬಹುದು. ಅಂದಿನಿಂದ ಪ್ರತಿ ಬೋರ್ಡನ್ನೂ ಕ್ಲಿಪ್ಪಿಲ್ಲದೆ ಒಂದು ದಿನ ಓಡಿಸುತ್ತಾರೆ. ಅದಕ್ಕೆ ಅವರಿಟ್ಟ ಹೆಸರು 'ಒಂಟಿ ದಿನ'.

ಈ ವರ್ಷ ಹಳೆಯ ಯಂತ್ರದ ಪರದೆ ಕಪ್ಪಾಯಿತು. ಅದೇ ಹೊತ್ತಿಗೆ ಹೊಸ ಮಾದರಿಯ ಬೋರ್ಡೊಂದು ಒಂಟಿ ದಿನದಲ್ಲಿ ಕೂಗುವುದನ್ನು ಮರೆಯಿತು. ಆ ಮಾದರಿಯನ್ನೇ ಹಾಕಬೇಕಿದ್ದ ಹನ್ನೆರಡು ಪೆಟ್ಟಿಗೆಗಳು ಬಾಗಿಲಲ್ಲೇ ನಿಂತವು. ಅತ್ತ ಆಸ್ಪತ್ರೆಯವರು ಕಾಯುತ್ತಿದ್ದರು. ಈಗಿನ ಯಜಮಾನರು ಹೇಳಿದ್ದು ಇಷ್ಟು: "ಯಂತ್ರ ನೀವೇ ಆರಿಸಿ. ಇನ್ನು ಹತ್ತು ವರ್ಷ ಮತ್ತೊಂದು ಕೇಳೋ ಹಾಗಿಲ್ಲ."

ಮಾರಾಟದವರು ತಂದ ಮಿರುಗುವ ಕಾಗದಗಳನ್ನು ಕ್ಲಿಪ್ಪಕ್ಕ ಪಕ್ಕಕ್ಕಿಟ್ಟರು. ಎರಡು ಯಂತ್ರಗಳನ್ನು ವಾರಕ್ಕೊಂದರಂತೆ ಎರವಲು ಕೇಳಿ, ಎರಡಕ್ಕೂ ಅದೇ ಹಠಮಾರಿ ಬೋರ್ಡನ್ನು ಕೊಟ್ಟರು.

ಮೊದಲನೆಯದಕ್ಕೆ ಅರವತ್ತೆಂಟು ತಂತಿ, ಗೋಡೆಯಷ್ಟು ಪರದೆ. ಐದು ದಿನ ಬೋರ್ಡು ಒಂದು ತಪ್ಪೂ ಮಾಡಲಿಲ್ಲ. ಮಾರಾಟದವನು ಹಿಗ್ಗಿಹೋದ. "ನಮ್ಮ ಮಿಷನ್ ಬಂದಿದ್ದೇ ತಡ, ನಿಮ್ಮ ಬೋರ್ಡೂ ಸರಿಹೋಯ್ತು ನೋಡಿ ಮೇಡಂ."

"ನೆಂಟ್ರ ಮುಂದೆ ಮಗು ಹಠ ಮಾಡಲ್ಲಪ್ಪ. ನೀನು ಎದ್ದು ಹೋಗು, ಆಮೇಲೆ ನೋಡು."

ಕ್ಲಿಪ್ಪು ಬಿಚ್ಚಿದ ಸಂಜೆಗೇ ಬೋರ್ಡು ಮತ್ತೆ ಮೂಕವಾಯಿತು.

ಎರಡನೆಯದಕ್ಕೆ ತಂತಿ ಅರ್ಧದಷ್ಟೇ, ಪರದೆಯೂ ಚಿಕ್ಕದು. ಆದರೆ ಕ್ಲಿಪ್ಪಿನ ತುದಿ ಹಗುರ, ನೆನಪು ಬಲು ಉದ್ದ. ಮೂರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ, ಕ್ಲಿಪ್ಪುಗಳು ಇದ್ದ ಹಾಗೇ, ಬೋರ್ಡು ತಪ್ಪಿತು. ಯಂತ್ರ ಬರೆದಿಟ್ಟ ಗೆರೆಗಳನ್ನು ಹಿಂದಕ್ಕೆ ಸರಿಸಿ ಹುಡುಕಿದಾಗ ಕೂದಲೆಳೆಯಂಥ ಒಂದು ಗೆರೆ ಸಿಕ್ಕಿತು: ಒಂದು ತಂತಿಯ ಮಾತು ಪಕ್ಕದ ತಂತಿಗೆ ಹಾರುತ್ತಿತ್ತು. ಎಂಜಿನಿಯರುಗಳು ಎರಡನ್ನೂ ದೂರ ಮಾಡಿದರು. ಹೊಸ ಬೋರ್ಡುಗಳು ಒಂಟಿ ದಿನ ದಾಟಿದವು.

"ದೊಡ್ಡದು ಬಿಟ್ಟು ಚಿಕ್ಕದಕ್ಕೆ ಗಂಟುಬಿದ್ರಲ್ಲ ಕ್ಲಿಪ್ಪಕ್ಕ, ನಂಗೆ ದುಡ್ಡು ಉಳಿಸಿಕೊಡೋಕಾ?" ಎಂದು ಯಜಮಾನರು ಕಾಲೆಳೆದರಂತೆ.

"ತಪ್ಪು ಮಾಡೋರನ್ನ ಮಾಡೋಕೆ ಬಿಟ್ಟು, ಸುಮ್ನೆ ನೋಡ್ಕೊಂಡು ಕೂರೋದು ಬೇಕಿತ್ತು ಸರ್. ಅದು ಎಲ್ರಿಗೂ ಬರಲ್ಲ."

ಹನ್ನೆರಡೂ ಪೆಟ್ಟಿಗೆಗಳು ಕಳೆದ ವಾರ ಲಾರಿ ಹತ್ತಿವೆ. ಇಪ್ಪತ್ತೆಂಟು ವರ್ಷಗಳಲ್ಲಿ ಕ್ಲಿಪ್ಪಕ್ಕ ನೋಡಿರುವುದೆಲ್ಲ ಖಾಲಿ ಪೆಟ್ಟಿಗೆಗಳನ್ನೇ. ಆಸೆಯೇನೆಂದು ಕೇಳಿದರೆ ಹೇಳುತ್ತಾರೆ: "ಒಳಗೆ ಮಗು ಮಲಗಿರೋ ಪೆಟ್ಟಿಗೇನ ಒಂದ್ ಸಲ ನೋಡ್ಬೇಕು. ಬಾಗಿಲ ಹತ್ರಾನೇ ನಿಂತ್ಕೋತೀನಿ. ಮುಟ್ಟಲ್ಲ."