ಐದು ಕೂಗಿಗೆ ಬೆಂದ ಮೂಳೆ

ಬೀಗ ರಿಪೇರಿ ಮಾಡುವವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಬೀದಿಯವರ ಬಾಯಲ್ಲಿ ಅವನು ಅನುಮಾನಪ್ಪ. ಹೆಸರು ಸುಮ್ಮನೆ ಬಂದದ್ದಲ್ಲ. ಮೂವತ್ತು ವರ್ಷ ಕಂಡವರ ಬೀಗ ಬಿಚ್ಚಿ, ಕೀಲಿ ಉಜ್ಜಿದವನು. ಯಾವ ಅಣ್ಣ ತಮ್ಮನಿಗೆ ಹೆದರಿ ಬೀರುವಿಗೆ ಬೀಗ ಹಾಕಿಸಿದ, ಯಾವ ಅತ್ತೆ ಸೊಸೆಗೆ ಹೆದರಿ ಸಕ್ಕರೆ ಡಬ್ಬಕ್ಕೆ ಬೀಗ ಹಾಕಿಸಿದಳು, ಎಲ್ಲ ಬಲ್ಲವನು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುವನು, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಎನ್ನುವನು. ತನ್ನ ಮನೆಗೆ ಮೂರು ಬೀಗ ಜಡಿದು ಹತ್ತು ಹೆಜ್ಜೆ ಹೋದ ಮೇಲೂ ವಾಪಸು ಬಂದು ಎಳೆದು ನೋಡದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಇನ್ನೇನು ಹೇಳೋಣ.

ಮದುವೆಯೂ ಆಗಲಿಲ್ಲ. ಕೂಡಿಬಂದಿದ್ದ ಒಂದು ಸಂಬಂಧವನ್ನು, ಹೆಣ್ಣಿನ ಕಡೆಯವರು ಇಷ್ಟು ಉಪಚಾರ ಮಾಡುವುದರಲ್ಲಿ ಏನೋ ಇದೆ ಎಂದು ತಾನೇ ಕೆಡಿಸಿಕೊಂಡ. ಮನೆಯಲ್ಲಿದ್ದದ್ದು ಗಂಡನನ್ನು ಕಳೆದುಕೊಂಡ ಅಕ್ಕ, ಮತ್ತೆ ಚಿಲಕ ಎಂಬ ಕಂದು ನಾಯಿ. ಅಕ್ಕನ ಮೇಲೂ ವಾರಕ್ಕೊಮ್ಮೆ ಅನುಮಾನ ಬರುತ್ತಿತ್ತು. ಚಿಲಕನ ಮೇಲೆ ಮಾತ್ರ ಒಂದು ದಿನವೂ ಬಂದಿರಲಿಲ್ಲ. ಇಡೀ ಲೋಕದಲ್ಲಿ ಅವನು ನಂಬಿದ್ದು ಆ ಒಂದು ಜೀವವನ್ನು. ಅವನನ್ನು ಪೂರ್ತಿಯಾಗಿ ನಂಬಿದ್ದೂ ಅದೊಂದೇ.

ಈ ನಡುವೆ ಅವನ ಅಂಗಡಿಯ ಎದುರಿಗೆ ಹೊಸದಾಗಿ ಮಾಂಸದಂಗಡಿ ಬಂತು. ಮಾಂಸದವನು ಕೆಲಸದಲ್ಲಿ ಚುರುಕು, ಮಾತಿನಲ್ಲಿ ಜಿಪುಣ. ಆಡುವ ನಾಲ್ಕು ಮಾತನ್ನೂ ತಲೆ ಎತ್ತದೆ ಅರ್ಧ ನುಂಗಿ ಆಡುತ್ತಿದ್ದ. ಒಂದು ಬೆಳಿಗ್ಗೆ ಅವನು ಕಾಗದದಲ್ಲಿ ಮೂಳೆ ಕಟ್ಟಿ, "ನಿಮ್ಮ ನಾಯಿಗೆ," ಎಂದು ಚಾಚಿದ. ಅದೂ ಪುಕ್ಕಟೆ. ಪುಕ್ಕಟೆ ಎಂದ ಕೂಡಲೇ ಅನುಮಾನಪ್ಪನ ಕಿವಿ ನೆಟ್ಟಗಾಯಿತು.

"ನಾಯಿಗೆ ಮೂಳೆ ಹಾಕಬಹುದೇನ್ರೀ? ಏನೂ ಆಗಲ್ವಾ?"

ಕೊರಡಿನ ಮೇಲೆ ಕತ್ತಿ ಟಕ್ ಟಕ್ ಎಂದು ಬೀಳುತ್ತಲೇ ಇತ್ತು. ಅದರ ನಡುವೆ ಅವನ ಕಿವಿಗೆ ಬಿದ್ದ ಉತ್ತರ: "ಹಸಿದಿದ್ರೆ ಹಾಕಿ."

ಹಸಿದಿದ್ದರೇ ಯಾಕೆ? ಹೊಟ್ಟೆ ತುಂಬಿದ್ದರೆ ನಾಯಿ ಮೂಸಿ ಬಿಟ್ಟುಬಿಡುತ್ತದೆ, ಮಾಡಿದ್ದು ಬಯಲಾಗುತ್ತದೆ ಎಂದೇ? ಎಸೆಯೋಣವೆಂದರೆ ಚಿಲಕ ಆಗಲೇ ಪೊಟ್ಟಣದ ಸುತ್ತ ಕುಣಿಯುತ್ತಿತ್ತು. ಕೊನೆಗೆ ಒಂದು ದಾರಿ ಕಂಡುಕೊಂಡ. ಮೂಳೆಯನ್ನು ಎರಡು ಸಲ ತೊಳೆದು ಕುಕ್ಕರಿಗೆ ಹಾಕಿ, ಒಂದಲ್ಲ ಎರಡಲ್ಲ, ಐದು ಕೂಗು ಕೂಗಿಸಿದ.

"ಲೋ, ನಾಯಿ ಮೂಳೆನ ಕುಕ್ಕರಲ್ಲಿ ಬೇಯಿಸೋರನ್ನ ನಾನು ಎಲ್ಲೂ ನೋಡಿಲ್ಲ ಕಣೋ," ಎಂದಳು ಅಕ್ಕ.

"ನೀನು ಸುಮ್ನಿರಕ್ಕ. ಅವನು ಅದಕ್ಕೆ ಏನು ಸವರಿದಾನೋ, ಯಾರು ಕಂಡರು?"

ಹೇಳಿದ್ದು ಹಸಿದಿದ್ದರೆ ತಾನೇ, ಹಸಿಯದೆ ಹಾಕಿದರೆ ಇನ್ನೇನಾಗುತ್ತದೋ ಎಂಬ ಅನುಮಾನಕ್ಕೆ ಆ ಮಾತನ್ನೂ ಅವನು ಅಕ್ಷರಶಃ ಪಾಲಿಸಿದ. ಸಂಜೆ ನಾಲ್ಕು ಗಂಟೆಯವರೆಗೆ ನಾಯಿಯನ್ನು ಉಪವಾಸ ಕೆಡವಿ ಆಮೇಲೆ ಹಾಕಿದ. ಹೊಟ್ಟೆಗಿಲ್ಲದ ಚಿಲಕ ಅಗಿಯುವ ತಾಳ್ಮೆಯಿಲ್ಲದೆ ಗಬಗಬನೆ ನುಂಗಿತು.

ಬೆಳಗಾಗುವಷ್ಟರಲ್ಲಿ ನಾಯಿ ಮೂಲೆಯಲ್ಲಿ ಮುದುಡಿಕೊಂಡಿತ್ತು. ಹೊಟ್ಟೆ ಮುಟ್ಟಿದರೆ ಅಳುತ್ತಿತ್ತು. ಅನುಮಾನಪ್ಪನಿಗೆ ಹೊಳೆದದ್ದು ಒಂದೇ: ವಿಷ, ಇನ್ನೇನು! ಮಂಡಿಯಲ್ಲಿ ಅದನ್ನು ಗೋಡೆಗೆ ಅದುಮಿ, ದವಡೆ ಬಿಡಿಸಿ, ಲೋಟಗಟ್ಟಲೆ ಉಪ್ಪುನೀರು ಸುರಿದ. ನಾಯಿ ಕೊಸರಾಡಿತು. "ಬಿಡೋ, ಅದಕ್ಕೆ ನೋಯ್ತಿದೆ," ಎಂದು ಅಕ್ಕ ತೋಳು ಜಗ್ಗಿದರೂ ಬಿಡಲಿಲ್ಲ. ಕೊನೆಗೆ ಅದು ಕಾರಿಕೊಂಡದ್ದರಲ್ಲಿ ರಕ್ತ ಇತ್ತು.

ಅವನು ಬೀದಿಗೆ ಹಾರಿದ. "ಈ ಮನುಷ್ಯ ನನ್ನ ನಾಯಿಗೆ ವಿಷ ಹಾಕಿದಾನೆ. ಇವನ ಹತ್ತಿರ ಕೊಳ್ಳೋರು ನಿಮ್ಮ ಜೀವ ನೀವೇ ನೋಡ್ಕೊಳ್ಳಿ."

ಚೀಲ ಹಿಡಿದು ನಿಂತಿದ್ದ ಇಬ್ಬರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಮಾಂಸದವನ ಮುಖ ಕಪ್ಪಿಟ್ಟಿತು. ಆದರೂ ಕೈ ಒರೆಸಿಕೊಂಡು, "ಜಗಳ ಆಮೇಲೆ ಆಡೋಣ. ಮೊದಲು ನಾಯಿ ಎತ್ಕೊಳ್ಳಿ," ಎಂದವನೇ ತನ್ನ ವ್ಯಾನು ತಂದು ನಿಲ್ಲಿಸಿದ. ಸಾಕ್ಷಿ ಅಳಿಸಲು ಹೊರಟಿದ್ದಾನೆ ಎಂದು ಅನುಮಾನಪ್ಪನಿಗೆ ಅದರಲ್ಲೂ ಅನುಮಾನವೇ. ಅಷ್ಟರಲ್ಲಿ ಅಕ್ಕ ಚಿಲಕನನ್ನು ಮಡಿಲಲ್ಲಿಟ್ಟುಕೊಂಡು ವ್ಯಾನು ಹತ್ತಿ ಕೂತಾಗಿತ್ತು.

ಪಶು ಆಸ್ಪತ್ರೆಯ ಡಾಕ್ಟ್ರಮ್ಮ ನಾಯಿಯ ಹೊಟ್ಟೆ ಒತ್ತಿ ನೋಡುತ್ತ ಕೇಳಿದಳು: "ಏನು ತಿಂದಿದೆ?"

"ವಿಷ."

"ವಿಷಾನೋ ಅಲ್ವೋ ನಾನು ಹೇಳ್ತೀನಿ. ತಿಂದಿದ್ದೇನು, ಅದನ್ನ ಹೇಳಿ. ಅದು ಗೊತ್ತಾಗದೆ ಔಷಧ ಕೊಟ್ಟರೆ ನಾಯಿ ಉಳಿಯಲ್ಲ."

ಅಕ್ಕನೇ ಹೇಳಿದಳು: "ಮೂಳೆ ತಾಯಿ. ಕುಕ್ಕರಲ್ಲಿ ಐದು ಕೂಗು ಕೂಗಿಸಿದ ಮೂಳೆ. ಆಮೇಲೆ ಉಪ್ಪುನೀರು ಕುಡಿಸಿ ಕಾರಿಸಿದಾನೆ."

ಎಕ್ಸ್‌ರೇಯಲ್ಲಿ ಕರುಳಿನ ನಡುವೆ ಬಿಳಿ ಚೂರುಗಳು ಚೂಪುಚೂಪಾಗಿ ಕಂಡವು. "ಬೆಂದ ಮೂಳೆ ಕಡಿದರೆ ಸೀಳಿ ಸೀಳಿ ಮುಳ್ಳಾಗುತ್ತೆ, ಒಳಗೆಲ್ಲ ಚುಚ್ಚುತ್ತೆ," ಎಂದಳು ಡಾಕ್ಟ್ರಮ್ಮ. "ಹಸೀದು ಅದಕ್ಕಿಂತ ವಾಸಿ, ಅಷ್ಟೇ. ಅದರಲ್ಲೂ ಹಲ್ಲು ಮುರಿಯುತ್ತೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಅದಿರಲಿ, ಚೂಪಾದದ್ದು ನುಂಗಿರೋ ನಾಯಿಗೆ ವಾಂತಿ ಮಾಡ್ಸಿದೀರಲ್ಲ, ಗಂಟಲೂ ಕೊಯ್ದಿದೆ. ಯಾರು ಹೇಳ್ಕೊಟ್ರು ನಿಮಗೆ ಇದನ್ನೆಲ್ಲ?"

ಅನುಮಾನಪ್ಪ ಬಾಗಿಲ ಕಡೆ ಬೆರಳು ತೋರಿಸಿದ. "ಅವನೇ. ಹಸಿದಿದ್ರೆ ಹಾಕಿ ಅಂದ. ಉಪವಾಸ ಕೆಡವಿ ಹಾಕಿದೆ."

ಬಾಗಿಲಲ್ಲಿ ನಿಂತಿದ್ದ ಮಾಂಸದವನು ಈ ಸಲ ಒಂದು ಅಕ್ಷರವನ್ನೂ ನುಂಗಲಿಲ್ಲ. "ಹಸಿದಿದ್ರೆ ಅಲ್ಲ ಅಣ್ಣ, ಹಸಿದಾದ್ರೆ ಅಂದೆ. ಹಸಿ ಮೂಳೆ ಆದ್ರೆ ಹಾಕಿ, ಬೇಯಿಸಿ ಮಾತ್ರ ಹಾಕಬೇಡಿ ಅಂತ."

ಚಾಚಿದ ಬೆರಳನ್ನು ಎಲ್ಲಿಡಬೇಕೋ ಅನುಮಾನಪ್ಪನಿಗೆ ತಿಳಿಯಲಿಲ್ಲ. ಉಪವಾಸ ಕೆಡವಿದ್ದು ತಾನು, ಬೇಯಿಸಿದ್ದು ತಾನು, ದವಡೆ ಬಿಡಿಸಿದ್ದೂ ತಾನೇ.

ಆಪರೇಷನ್ ಮುಗಿಯಲು ಸಂಜೆಯಾಯಿತು. ಅಂಗಡಿ ಮುಚ್ಚಿ ಬಂದ ಮಾಂಸದವನು ಅಲ್ಲಿಯವರೆಗೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಅನುಮಾನಪ್ಪ ಹೋಗಿ ಅವನ ಪಕ್ಕ ಕೂತ. "ತಪ್ಪಾಯ್ತಪ್ಪ," ಎಂದ. ಅವನ ಬಾಯಿಂದ ಆ ಮಾತು ಬಂದದ್ದನ್ನು ಅಕ್ಕ ಮೊದಲ ಸಲ ಕೇಳಿದಳು.

ಚಿಲಕ ಉಳಿಯಿತು. ನಾಲ್ಕನೆಯ ದಿನ, ಇನ್ನು ಮೆತ್ತಗಿನ ಅನ್ನ ಕೊಡಬಹುದು ಎಂದಳು ಡಾಕ್ಟ್ರಮ್ಮ. ಅನುಮಾನಪ್ಪ ಮನೆಯಿಂದ ಅನ್ನ ತಂದು, ಚೆನ್ನಾಗಿ ಹಿಸುಕಿ ಉಂಡೆ ಮಾಡಿ, ಅಂಗೈಯಲ್ಲಿಟ್ಟು ಆಸ್ಪತ್ರೆಯ ಗೂಡಿನೊಳಗೆ ಚಾಚಿದ. ಅಕ್ಕನನ್ನು ಕಂಡು ಬಾಲ ಬಡಿಯುತ್ತಿದ್ದ ನಾಯಿ ಆ ಕೈ ಹತ್ತಿರ ಬಂದ ಕೂಡಲೇ ಹಿಂದೆ ಹಿಂದೆ ಸರಿದು ಗೋಡೆಗೆ ಆತುಕೊಂಡಿತು. ಬಾಯಿ ಬಿಗಿಯಿತು. ಒಮ್ಮೆ ಕೈ ನೋಡಿತು, ಒಮ್ಮೆ ಅವನ ಮುಖ ನೋಡಿತು. ಆ ನೋಟದ ಅರ್ಥ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ನಾನು ಕಣೋ," ಎಂದ. ನಾಯಿ ಅಲುಗಲಿಲ್ಲ.

ಅನುಮಾನಪ್ಪ ಅನ್ನದ ಉಂಡೆಯನ್ನು ಅಕ್ಕನ ಕೈಗೆ ದಾಟಿಸಿ, ತಾನು ಕಾಣಿಸದ ಹಾಗೆ ಬಾಗಿಲಾಚೆ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಿಲಕ ಅಕ್ಕನ ಕೈ ನೆಕ್ಕುವ ಸದ್ದು ಕೇಳಿಸಿತು.